ನೋಡಬೇಕಾದ್ದು ಹತ್ತೊಂಬತ್ತನೇ ಕಲಂ

ಲೈಂಗಿಕ ಸಮ್ಮತಿಯ ವಯಸ್ಸು 16ಕ್ಕೆ ಇಳಿಯಬೇಕೋ 18ರಲ್ಲೇ ಉಳಿಯಬೇಕೋ ಎಂಬ ಜಗಳಕ್ಕೆ ಮತ್ತೆ ಕಾವೇರಿದೆ. ಹಿರಿಯ ವಕೀಲೆ ಇಂದಿರಾ ಜೈಸಿಂಗ್ ಅವರು ಅಮಿಕಸ್ ಕ್ಯೂರಿಯಾಗಿ (ನ್ಯಾಯಾಲಯಕ್ಕೆ ನೆರವಾಗುವ ವಕೀಲರಾಗಿ) 2025ರಲ್ಲಿ ಸುಪ್ರೀಂ ಕೋರ್ಟ್ ಮುಂದೆ 16ರ ಪರ ವಾದಿಸಿದರು. ಕೇಂದ್ರ ಸರ್ಕಾರ 18ಕ್ಕೆ ಪಟ್ಟು ಹಿಡಿಯಿತು. ಅಂಕಣಕಾರರು ಎರಡು ಬಣವಾದರು. ಎರಡೂ ಬಣ ಎಳೆದಾಡುತ್ತಿರುವ ಅಂಕಿ ತಪ್ಪು. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯಲ್ಲಿ ಹದಿಹರೆಯದವರನ್ನು ದಿನಾಲೂ ಕಾಡುತ್ತಿರುವ ಅಂಕಿ 19: ಕಡ್ಡಾಯ ವರದಿಯ ಕಲಂ. ಅಪರಾಧ ನಡೆದದ್ದು ಗೊತ್ತಾದರೆ, ನಡೆಯಬಹುದೆಂಬ ಆತಂಕ ಹುಟ್ಟಿದರೂ ಸಾಕು, ಯಾರೇ ಆದರೂ ಪೊಲೀಸರಿಗೆ ತಿಳಿಸಲೇಬೇಕು. ನಡೆದದ್ದನ್ನು ಮುಚ್ಚಿಟ್ಟರೆ 21ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ. ಮಗುವಿನ ಹೊರತು ಯಾರಿಗೂ ವಿನಾಯಿತಿಯಿಲ್ಲ.

ಈ ಒಂದು ಕಲಂ ಸಮಾಜಕಾರ್ಯದ ಕಸುಬನ್ನೇ ಬುಡಮೇಲು ಮಾಡಿದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಹದಿಹರೆಯದವರಿಗೆಂದೇ ಇರುವ ಸ್ನೇಹಾ ಕ್ಲಿನಿಕ್ಕಿಗೆ 17ರ ಹುಡುಗಿಯೊಬ್ಬಳು ಬಂದಳೆನ್ನಿ. ಮುಟ್ಟು ನಿಂತು ಎರಡು ತಿಂಗಳಾಗಿದೆ, ಹುಡುಗ ಅದೇ ಪಿಯು ಕಾಲೇಜಿನವನು. 'ನೀನು ಹೇಳಿದ್ದು ಈ ಕೋಣೆ ದಾಟುವುದಿಲ್ಲ' ಎಂಬುದು ಆಪ್ತಸಮಾಲೋಚಕಿ ತರಬೇತಿಯಲ್ಲಿ ಕಲಿತ ಮೊದಲ ಮಾತು. ಅದನ್ನೀಗ ಹೇಳಿದರೆ ಸುಳ್ಳಾಗುತ್ತದೆ. ನಿಯತ್ತಿನವಳಾದರೆ, 'ಕೆಲವು ವಿಷಯ ನನ್ನ ಕಿವಿಗೆ ಬಿದ್ದರೆ ಪೊಲೀಸರಿಗೆ ತಿಳಿಸಬೇಕಾಗುತ್ತಮ್ಮಾ' ಎಂದು ಮೊದಲೇ ಎಚ್ಚರಿಸಬೇಕು. ಅಷ್ಟು ಕೇಳಿದ ಹುಡುಗಿ ತಲೆನೋವಿಗೊಂದು ಮಾತ್ರೆ ಕೇಳಿ, ಬ್ಯಾಗು ಹೆಗಲಿಗೇರಿಸಿ ಹೊರಟುಬಿಡುತ್ತಾಳೆ. ಇಲ್ಲವೇ ವಯಸ್ಸು ಹತ್ತೊಂಬತ್ತು ಎನ್ನುತ್ತಾಳೆ, ಎದುರಿನವಳು ತಲೆ ಎತ್ತದೆ ಬರೆದುಕೊಳ್ಳುತ್ತಾಳೆ. ಇಬ್ಬರಿಗೂ ಗೊತ್ತಿರುವ ಆ ಸುಳ್ಳು ತಾಯಿ ಕಾರ್ಡಿಗೂ ಇಳಿಯುತ್ತದೆ. ಎಳೆಯ ಬಸಿರಿಗೆ ಸಿಗಬೇಕಾದ ಹೆಚ್ಚುವರಿ ನಿಗಾ ಅಲ್ಲಿಗೆ ತಪ್ಪುತ್ತದೆ.

ಇದಕ್ಕೆ ಸುಪ್ರೀಂ ಕೋರ್ಟೇ ಒಂದು ದಾರಿ ತೋರಿಸಿ ವರ್ಷಗಳಾದವು. 2022ರ ಸೆಪ್ಟೆಂಬರ್ 29ರಂದು ನ್ಯಾಯಮೂರ್ತಿಗಳಾದ ಡಿ.ವೈ. ಚಂದ್ರಚೂಡ್, ಎ.ಎಸ್. ಬೋಪಣ್ಣ ಮತ್ತು ಜೆ.ಬಿ. ಪಾರ್ದಿವಾಲಾ ಅವರ ಪೀಠ ಕೊಟ್ಟ ಗರ್ಭಪಾತದ ತೀರ್ಪಿನಲ್ಲಿ, ಅವಿವಾಹಿತೆಯರಿಗೂ 24 ವಾರದವರೆಗಿನ ಹಕ್ಕು ಎಂಬ ಭಾಗವಷ್ಟೇ ಸುದ್ದಿಯಾಯಿತು. ಅದೇ ತೀರ್ಪಿನ ಇನ್ನೊಂದು ಭಾಗದ ಪ್ರಕಾರ, ಅಪ್ರಾಪ್ತೆ ಮತ್ತು ಅವಳ ಪೋಷಕರು ಕೋರಿದರೆ, 19ನೇ ಕಲಮಿನಡಿ ಮಾಹಿತಿ ಕೊಡುವ ವೈದ್ಯರು ಅವಳ ಗುರುತು ಬಹಿರಂಗಪಡಿಸಬೇಕಿಲ್ಲ. ವರದಿ ಹೋಗುತ್ತದೆ, ಹೆಸರು ಹೋಗುವುದಿಲ್ಲ. ಕಾನೂನನ್ನು ಮುರಿಯದೆ ಹುಡುಗಿಯನ್ನು ಉಳಿಸುವ ಉಪಾಯ ಅದು. ಆದರೆ ಬಾಗಿಲು ತೆರೆದದ್ದು ಗರ್ಭಪಾತ ಮಾಡುವ ವೈದ್ಯರಿಗೆ ಮಾತ್ರ. ಅವರ ಕೋಣೆ ತಲುಪುವ ಮೊದಲು ಅವಳು ಮಾತಾಡಿಸುವ ಆಶಾ ಕಾರ್ಯಕರ್ತೆ, ಆಪ್ತಸಮಾಲೋಚಕಿ, ಹಾಸ್ಟೆಲ್ ವಾರ್ಡನ್ ಎಲ್ಲರೂ ಹೊರಗೇ ಉಳಿದರು. ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ ಅದೇ ವರ್ಷದ ನವೆಂಬರ್‌ನಲ್ಲಿ ವಯೋಮಿತಿಯನ್ನು ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು. ಆಯೋಗ 2023ರ ತನ್ನ 283ನೇ ವರದಿಯಲ್ಲಿ 18ನ್ನು ಉಳಿಸಿ, 16ರಿಂದ 18ರ ನಡುವಿನ ಪ್ರಕರಣಗಳಲ್ಲಿ ಶಿಕ್ಷೆ ಕಡಿಮೆ ಮಾಡುವ ವಿವೇಚನೆಯನ್ನು ನ್ಯಾಯಾಧೀಶರಿಗೆ ಕೊಡಿ ಎಂದಿತು. ಬಂಧನ, ಜೈಲು, ವಿಚಾರಣೆ ಎಲ್ಲ ಮುಗಿದ ಮೇಲೆ ಸಿಗುವ ವಿವೇಚನೆಯಿಂದ ಕ್ಲಿನಿಕ್ಕಿನ ಮೇಜಿನ ಮುಂದೆ ಕೂತವಳಿಗೆ ಏನು ಬಂತು?

ಕಡ್ಡಾಯ ವರದಿ ಬಂದದ್ದೇ ಮನೆಯೊಳಗಿನ ಪಾಪವನ್ನು ಮನೆಯವರೇ ಮುಚ್ಚಿಹಾಕುತ್ತಿದ್ದರು ಎಂಬ ಕಾರಣಕ್ಕೆ. ಸಡಿಲಿಸಿದರೆ ಮಾವ, ಮೇಷ್ಟ್ರು, ವಾರ್ಡನ್ ಎಲ್ಲರೂ ನುಸುಳುತ್ತಾರೆ ಎಂಬ ಆಕ್ಷೇಪವಿದೆ. ಗಟ್ಟಿ ಆಕ್ಷೇಪವೇ. ಅದಕ್ಕೇ ಕಲಮನ್ನು ಕಿತ್ತುಹಾಕಿ ಎಂದು ನಾನು ಹೇಳುತ್ತಿಲ್ಲ. ವಿನಾಯಿತಿ 16 ದಾಟಿದವರಿಗೆ, ಹೆಚ್ಚುಕಡಿಮೆ ಒಂದೇ ವಯಸ್ಸಿನ ಜೋಡಿಗೆ, ಒತ್ತಾಯವಿಲ್ಲದಲ್ಲಿ ಮಾತ್ರ ಇರಲಿ. ಆಗಲೂ ಮೊದಲ ವರದಿ ಮಕ್ಕಳ ಕಲ್ಯಾಣ ಸಮಿತಿಗೆ, ಗುರುತಿಲ್ಲದೆ ಹೋಗಲಿ. ಬಾಲನ್ಯಾಯ ಕಾಯ್ದೆ ಈ ಸಮಿತಿಗೆ ಬರುವ ಮಕ್ಕಳ ಸಾಮಾಜಿಕ ತನಿಖೆಗೆ 15 ದಿನ ಕೊಡುತ್ತದೆ, ಅಲ್ಲಿ ಸಮಾಜಕಾರ್ಯಕರ್ತೆಯ ವಿವೇಚನೆಯನ್ನು ನಂಬುತ್ತದೆ. ಇನ್ನು, ದೂರು ಕೊಡುವವರು ಬಹುಪಾಲು ಹುಡುಗಿಯ ಮನೆಯವರೇ, 19ನೇ ಕಲಮಿನದೇನು ಪಾತ್ರ ಎನ್ನುವವರು ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆಯ ಅಧ್ಯಯನವನ್ನು ಮುಂದಿಡುತ್ತಾರೆ. ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳದ 2016–2020ರ 7,064 ತೀರ್ಪುಗಳಲ್ಲಿ ಶೇ 24.3ರಷ್ಟು ಪ್ರೇಮ ಪ್ರಕರಣಗಳೆಂದು ಅದು ಲೆಕ್ಕ ಕೊಟ್ಟಿದೆ. ಆದರೆ ಅದು ಕೋರ್ಟು ಮುಟ್ಟಿದವರ ಲೆಕ್ಕ. ಕ್ಲಿನಿಕ್ಕಿನ ಹೊಸ್ತಿಲಿಂದಲೇ ಹಿಂತಿರುಗಿದವರು ಯಾವ ತೀರ್ಪಿನಲ್ಲೂ ಇರುವುದಿಲ್ಲ.

ಪರಿಷತ್ತಿಲ್ಲದ, ಲೈಸೆನ್ಸಿಲ್ಲದ ಕಸುಬಿಗೆ ಇಷ್ಟು ಅಧಿಕಾರವೇ ಎಂಬುದು ಇನ್ನೊಂದು ತಕರಾರು. ವಕೀಲರಿಗೆ ಕಕ್ಷಿದಾರರ ಗುಟ್ಟು ಕಾಯುವ ರಕ್ಷಣೆ ಸಾಕ್ಷ್ಯ ಕಾನೂನಿನಲ್ಲೇ ಇದೆ. ಸಮಾಜಕಾರ್ಯಕ್ಕೆ ಅಂಥದ್ದಿಲ್ಲ, ನಿಜ. ಆದರೆ 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆ ವೈದ್ಯಕೀಯ ಮತ್ತು ಮನೋವೈದ್ಯಕೀಯ ಸಮಾಜಕಾರ್ಯಕರ್ತರನ್ನು ತನ್ನ ಪಟ್ಟಿಗೆ ಸೇರಿಸಿಯಾಗಿದೆ. ಪೋಕ್ಸೊ ನಿಯಮಗಳೂ ಎಫ್‌ಐಆರ್ ಆದ ಮೇಲೆ ಮಗುವಿಗೊಬ್ಬ ಬೆಂಬಲ ವ್ಯಕ್ತಿಯನ್ನು ನೇಮಿಸಿ, ಗೋಪ್ಯತೆ ಕಾಯುವ ಹೊಣೆ ಹೊರಿಸುತ್ತವೆ. ಅಂದರೆ ಸೋಮವಾರ ಬಾಯಿ ಮುಚ್ಚಿಕೊಂಡಿದ್ದಕ್ಕೆ ಜೈಲಿಗೆ ಹೋಗಬಹುದಾದ ಹೆಣ್ಣುಮಗಳೇ, ಬುಧವಾರ ನೇಮಕವಾದರೆ ಬಾಯಿ ಮುಚ್ಚಿಕೊಂಡಿರಬೇಕು! ಇದನ್ನು ಸರಿಪಡಿಸಲು ಸಂಸತ್ತಿಗೇ ಕಾಯಬೇಕಾಗಿಲ್ಲ. ಬಾಲ್ಯವಿವಾಹ ಮೊದಲಿಂದಲೇ ಅಸಿಂಧು ಎಂದು ಕರ್ನಾಟಕ 2016ರಲ್ಲಿ ಕೇಂದ್ರದ ಕಾಯ್ದೆಗೇ ತಿದ್ದುಪಡಿ ತಂದು, ರಾಷ್ಟ್ರಪತಿಗಳ ಅಂಕಿತ ಪಡೆದು ಜಾರಿಗೊಳಿಸಿದೆ. ಅದೇ ದಾರಿಯಲ್ಲಿ ಪೋಕ್ಸೊದ 19ನೇ ಕಲಮಿಗೆ ಸೇರಿಸಬೇಕಾದ ಪರಂತುಕ ಅರ್ಧ ಪುಟವೂ ಆಗಲಾರದು.