ಬೀರುವಿನಲ್ಲಿಟ್ಟ ಕ್ಯಾಮೆರಾಕ್ಕೆ ಬೂಷ್ಟು ಬಂದ ಕಥೆ

ಮೊನ್ನೆ ಮಗಳು ಕಾಲೇಜಿನಿಂದ ಬಂದವಳೇ, "ಅಪ್ಪಾ, ನಮ್ಮ ಹಳೇ ಡಿಜಿಟಲ್ ಕ್ಯಾಮೆರಾ ಎಲ್ಲಿದೆ?" ಎಂದಳು. ಈಗಿನ ಹುಡುಗರಿಗೆ ಮೊಬೈಲ್ ಫೋಟೋ ಸಾಕಾಗಿದೆಯಂತೆ. ನಾವು ಹದಿನೈದು ವರ್ಷದ ಹಿಂದೆ ಉಪಯೋಗಿಸಿ ಮೂಲೆಗೆ ಹಾಕಿದ ಕ್ಯಾಮೆರಾಗಳನ್ನು ಹುಡುಕಿಕೊಂಡು ಹೋಗಿ ಕೊಳ್ಳುತ್ತಾರಂತೆ. ಇರಲಿ ಬಿಡಿ, ನಮ್ಮ ಕಾಲದ್ದೂ ಒಂದಕ್ಕೆ ಬೆಲೆ ಬಂತಲ್ಲ ಅಂತ ಒಳಗೊಳಗೇ ಖುಷಿಯಾಯಿತು.

ಗಾಡ್ರೆಜ್ ಬೀರು ತೆಗೆದೆ. ಮೇಲಿನ ಖಾನೆಯಲ್ಲಿ, ಹೆಂಡತಿಯ ರೇಷ್ಮೆ ಸೀರೆಗಳ ಹಿಂದೆ, ಚರ್ಮದ ಚೀಲದೊಳಗೆ, ಆ ಚೀಲ ಮತ್ತೆ ಒಂದು ಹತ್ತಿ ಬಟ್ಟೆಯೊಳಗೆ. ಅಷ್ಟು ಜೋಪಾನ! 2008ರಲ್ಲಿ ಬೋನಸ್ ಬಂದಾಗ ಕೊಂಡಿದ್ದು. 2014ರಲ್ಲಿ ಸ್ಮಾರ್ಟ್‌ಫೋನ್ ಬಂದ ಮೇಲೆ ಒಳಗೆ ಹೋದದ್ದು ಹೊರಗೆ ಬಂದಿರಲಿಲ್ಲ. ಬಿಚ್ಚಿ ನೋಡಿದರೆ ಪೆನ್ಸಿಲ್ ಸೆಲ್ ಎರಡೂ ಸೋರಿ ಬಿಳಿ ಪುಡಿ ಕಟ್ಟಿಕೊಂಡಿವೆ. ಲೆನ್ಸಿನೊಳಗೆ ಜೇಡರ ಬಲೆ ನೇಯ್ದ ಹಾಗೆ ಎಳೆ ಎಳೆ. ಹೆಂಡತಿ ಇಣುಕಿ ನೋಡಿ, "ರೀ, ಇದು ಉಪ್ಪಿನಕಾಯಿಗೆ ಬರೋ ಬೂಷ್ಟೇ ಅಲ್ವಾ?" ಎಂದಳು. ಹೌದು, ಅದೇ ಜಾತಿ.

ಮೌಂಟ್ ರೋಡಿನ ಹತ್ತಿರ ಒಂದು ಪುಟ್ಟ ರಿಪೇರಿ ಅಂಗಡಿಗೆ ಒಯ್ದೆ. ವಯಸ್ಸಾದ ಮನುಷ್ಯ. ಲೆನ್ಸಿಗೆ ಟಾರ್ಚ್ ಬಿಟ್ಟು ನೋಡಿ ತಮಿಳಿನಲ್ಲಿ ಹೇಳಿದ: "ಸಾರ್, ದಿನಾ ಹೊರಗೆ ತೆಗೆದು ಉಪಯೋಗಿಸಿದ್ರೆ ಹೀಗೆ ಆಗ್ತಿರಲಿಲ್ಲ. ನೀವೇ ಬಚ್ಚಿಟ್ಟು ಕೊಂದಿರಿ."

ಮೂವತ್ತು ವರ್ಷ ಬ್ಯಾಂಕಿನಲ್ಲಿ ದುಡಿದವನಿಗೆ ಈ ಮಾತು ನೇರವಾಗಿ ತಾಗಿತು. ನಮಗೆ ಜೋಪಾನ ಅಂದರೆ ಲಾಕರ್ ಅಂತಲೇ ಅಭ್ಯಾಸ. ಬಂಗಾರಕ್ಕೆ ಅದು ಸರಿ, ಬಂಗಾರಕ್ಕೆ ಉಸಿರು ಬೇಕಿಲ್ಲ. ಕ್ಯಾಮೆರಾಕ್ಕೆ ಗಾಳಿ ಬೇಕು, ಬೆಳಕು ಬೇಕು. ಅದರಲ್ಲೂ ಈ ಮದ್ರಾಸಿನಲ್ಲಿ! ಇಲ್ಲಿ ಗಾಳಿಯ ತೇವ ವರ್ಷದ ಬಹುಪಾಲು ಶೇಕಡಾ 60ರ ಮೇಲೆಯೇ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ, ಹಿಂಗಾರು ಮಳೆಯಲ್ಲಿ, 80 ದಾಟಿದರೂ ಆಶ್ಚರ್ಯವಿಲ್ಲ. ಬೂಷ್ಟು ಬೆಳೆಯಲು 60–70 ಸಾಕು. ಕತ್ತಲೆ, ಆಡದ ಗಾಳಿ, ತೇವ ಹೀರಿಕೊಂಡ ಚರ್ಮದ ಚೀಲ, ಲೆನ್ಸಿನ ಮೇಲೆ ನಮ್ಮದೇ ಬೆರಳಿನ ಜಿಡ್ಡು... ಇದಕ್ಕಿಂತ ಒಳ್ಳೆಯ ಆತಿಥ್ಯ ಅದಕ್ಕೆ ಬೇಕೇ? ಅದು ಬಿಡುವ ಆಮ್ಲ ಗಾಜಿನ ಮೇಲಿನ ಲೇಪವನ್ನೇ ತಿನ್ನುತ್ತದೆ. ಆಮೇಲೆ ಒರೆಸಿದರೂ ಕಲೆ ಉಳಿಯುತ್ತದೆ.

ದುಬಾರಿ ಡ್ರೈ ಕ್ಯಾಬಿನೆಟ್ ಎಲ್ಲರೂ ಕೊಳ್ಳಬೇಕಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಒಂದು ಸಣ್ಣ ಮೀಟರ್ ಇದ್ದರೆ ಸಾಕು. ಮುಳ್ಳು 40–50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ಅಕ್ಕಿ ಡಬ್ಬಿಯಲ್ಲಿ ಹೂತಿಡುವ ಉಪಾಯ ಮಾತ್ರ ಬೇಡ, ಅಕ್ಕಿಯ ಹುಡಿ ಸಂದುಗಳಿಗೆ ಸೇರುತ್ತದೆ. ಸೆಲ್ ತೆಗೆದಿಡಿ. ವಾರಕ್ಕೊಮ್ಮೆ ಹೊರಗೆ ತೆಗೆದು ನಾಲ್ಕು ಫೋಟೋ ಹೊಡೆಯಿರಿ, ಬೀದಿ ಹಸುವಿನದ್ದಾದರೂ ಸರಿ.

ಇನ್ನೊಂದು, ಇಲ್ಲಿ ಎಲ್ಲರೂ ಮಾಡುವ ತಪ್ಪು. ಏಸಿ ರೂಮಿನಿಂದ ಮೇ ತಿಂಗಳ ಬಿಸಿಲಿಗೆ ಕ್ಯಾಮೆರಾ ಹಿಡಿದು ನೇರ ಹೊರಡುವುದು. ತಣ್ಣೀರು ತುಂಬಿದ ಸ್ಟೀಲ್ ಲೋಟ ಬೆವರುತ್ತದಲ್ಲ, ಹಾಗೇ ಲೆನ್ಸೂ ಬೆವರುತ್ತದೆ, ಹೊರಗೂ ಒಳಗೂ. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಮುಚ್ಚಿ ಅರ್ಧ ಗಂಟೆ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ಬೆವರು ಚೀಲಕ್ಕೆ ಬರುತ್ತದೆ, ಕ್ಯಾಮೆರಾಕ್ಕಲ್ಲ. ಮರೀನಾಕ್ಕೆ ಹೋದರಂತೂ ಅಲ್ಲಿ ನಿಂತು ಲೆನ್ಸ್ ಬದಲಿಸಬೇಡಿ. ಮರಳಿನ ಒಂದು ಕಣ ಇರುವಾಗ ಪಂಚೆಯ ತುದಿಯಿಂದ ಒರೆಸುವುದೂ ಉಪ್ಪುಕಾಗದ ಹಾಕಿ ಉಜ್ಜುವುದೂ ಒಂದೇ. ಮೊದಲು ರಬ್ಬರ್ ಬ್ಲೋವರ್‌ನಿಂದ ಊದಿ, ಬಾಯಿಂದ ಅಲ್ಲ.

ಇಷ್ಟೆಲ್ಲ ಬರೆದೆ, ಆದರೆ ನನ್ನ ನಿಜವಾದ ಸಂಕಟ ಕ್ಯಾಮೆರಾದ್ದಲ್ಲ.

2015ರ ಡಿಸೆಂಬರ್ ಮೊದಲ ವಾರ. ಅಡ್ಯಾರ್ ನದಿ ಉಕ್ಕಿ ಬಂದಾಗ ನಾವು ಜಾಫರ್‌ಖಾನ್‌ಪೇಟೆಯಲ್ಲಿ ನೆಲಮಹಡಿಯ ಮನೆಯಲ್ಲಿದ್ದೆವು. ರಾತ್ರಿ ನೀರು ನುಗ್ಗಿತು, ಬೆಳಗಾಗುವಷ್ಟರಲ್ಲಿ ಸೊಂಟದವರೆಗೆ. ಬೀರುವಿನ ಮೇಲಿನ ಖಾನೆಯಲ್ಲಿದ್ದ ಕ್ಯಾಮೆರಾ ಒಂದು ಹನಿಯೂ ತಾಗದೆ ಉಳಿಯಿತು. ನೆಲದ ಮೇಲಿದ್ದ ಕಂಪ್ಯೂಟರ್ ಮುಳುಗಿತು. ಏಳು ವರ್ಷದ ಫೋಟೋಗಳೆಲ್ಲ ಅದರಲ್ಲೇ ಇದ್ದವು. ಕಾರ್ಡಿನಿಂದ ಅದಕ್ಕೆ ಹಾಕಿ ಕಾರ್ಡ್ ಖಾಲಿ ಮಾಡುವುದು ನನ್ನ ಶಿಸ್ತು! 2012ರಲ್ಲಿ ತೀರಿಹೋದ ಅಮ್ಮನ ಫೋಟೋಗಳು, ಸಾಗರದ ನಮ್ಮ ಮನೆಯ ಜಗಲಿಯಲ್ಲಿ ಕೂತು ಅಡಿಕೆ ಸುಲಿಯುತ್ತಿದ್ದದ್ದು, ಮಗಳಿಗೆ ತಲೆ ಬಾಚುತ್ತಿದ್ದದ್ದು, ಎಲ್ಲವೂ. ಹಾರ್ಡ್ ಡಿಸ್ಕ್ ರಿಪೇರಿಗೆ ಕೊಟ್ಟೆ. ದುಡ್ಡು ತೆಗೆದುಕೊಂಡರು, ಏನೂ ಬರಲಿಲ್ಲ.

ಯೋಚನೆ ಮಾಡಿ. ಬ್ಯಾಂಕಿನಲ್ಲಿ ಗಿರಾಕಿಯ ಲೆಕ್ಕದ ಒಂದು ಪ್ರತಿ ಒಂದೂರಲ್ಲಿ, ಇನ್ನೊಂದು ಪ್ರತಿ ದೂರದ ಇನ್ನೊಂದೂರಲ್ಲಿ ಇರುತ್ತದೆ, ಒಂದೂರು ಮುಳುಗಿದರೂ ಲೆಕ್ಕ ಉಳಿಯಲಿ ಅಂತ. ಕಂಡವರ ಹಣಕ್ಕೆ ಇಷ್ಟು ಕಾಳಜಿ ನಮಗೆ. ಸ್ವಂತ ತಾಯಿಯ ಮುಖಕ್ಕೆ ಒಂದೇ ಪ್ರತಿ, ಅದೂ ನೆಲದ ಮೇಲೆ.

ಕೊಂಡವರೆಲ್ಲ ಕ್ಯಾಮೆರಾಕ್ಕೆ ಚೀಲ, ಸ್ಕ್ರೀನಿಗೆ ಹಾಳೆ, ಲೆನ್ಸಿಗೆ ಫಿಲ್ಟರ್ ಅಂತ ಖರ್ಚು ಮಾಡುತ್ತೇವೆ. ಫೋಟೋ ಎಲ್ಲಿದೆ ಅಂತ ಕೇಳಿದರೆ "ಕಾರ್ಡಿನಲ್ಲೇ ಇರಬೇಕು" ಅನ್ನುತ್ತೇವೆ. ಪರದೇಶವಾಸಿಗಳಾದ ನಮಗಂತೂ ಊರು ಉಳಿದಿರುವುದೇ ಫೋಟೋದಲ್ಲಿ. ಜಗಲಿ ಒಡೆದು ಟೈಲ್ಸ್ ಹಾಕಿ ಆಗಿದೆ, ಅಮ್ಮ ಇಲ್ಲ. ನನ್ನ ಅಭಿಪ್ರಾಯ ಕೇಳಿದರೆ, ಚೀಲಕ್ಕೆ ಕೊಡುವ ದುಡ್ಡಿನಲ್ಲಿ ಮೊದಲು ಇನ್ನೊಂದು ಹಾರ್ಡ್ ಡಿಸ್ಕ್ ತನ್ನಿ. ಒಂದು ನಿಮ್ಮಲ್ಲಿ, ಒಂದು ಊರಿನ ಅಣ್ಣನ ಮನೆಯಲ್ಲೋ ಅಕ್ಕನ ಮನೆಯಲ್ಲೋ. ಇಂಟರ್ನೆಟ್ಟಿನಲ್ಲಿ ಇಡುವವರು ಅಲ್ಲೂ ಇಡಿ. ಎರಡು ಕಡೆ ಇದೆ ಅಂತ ಕಣ್ಣಾರೆ ತೆರೆದು ನೋಡುವ ತನಕ ಕಾರ್ಡ್ ಅಳಿಸಬೇಡಿ.

ಅಮ್ಮನದ್ದು ಪೂರ್ತಿ ಹೋಗಲಿಲ್ಲ ಅನ್ನಿ. ಸಾಗರದಲ್ಲಿರುವ ಅಕ್ಕ ಒಮ್ಮೆ ಹಠ ಮಾಡಿ ಮೂವತ್ತೊಂದು ಫೋಟೋ ಪ್ರಿಂಟ್ ಹಾಕಿಸಿಕೊಂಡಿದ್ದಳು. "ನಿಮ್ಮ ಕಂಪ್ಯೂಟರ್ ನಂಗೆ ಗೊತ್ತಾಗಲ್ಲ ಮಾರಾಯಾ, ಕಾಗದದ ಮೇಲೆ ಕೊಡು" ಅಂದಿದ್ದಳು. ಆಗ ನಾನು ನಕ್ಕಿದ್ದೆ. ಅದರಲ್ಲಿ ಹತ್ತರಲ್ಲಿ ಅಮ್ಮ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದಾಳೆ, ಅವಳಿಗೆ ಫೋಟೋ ಅಂದರೆ ಆಗುತ್ತಿರಲಿಲ್ಲ.

ಅಂದ ಹಾಗೆ, ಸೆಲ್ ಸೋರಿದ ಜಾಗವನ್ನು ಕಿವಿಯ ಹತ್ತಿ ಕಡ್ಡಿಗೆ ಎರಡು ಹನಿ ವಿನೆಗರ್ ಹಾಕಿ ಒರೆಸಿದೆ. ಒಣಗಿದ ಮೇಲೆ ಹೊಸ ಸೆಲ್ ಹಾಕಿದರೆ ಕ್ಯಾಮೆರಾ ಹೊತ್ತಿಕೊಂಡಿತು! ಬೂಷ್ಟಿನಿಂದಾಗಿ ಫೋಟೋ ಎಲ್ಲ ಮಂಜು ಮುಸುಕಿದ ಹಾಗೆ ಬರುತ್ತದೆ. ಮಗಳಿಗೆ ಅದೇ ಚೆಂದವಂತೆ, ರಿಪೇರಿ ಬೇಡ ಅಂದಳು.