ಕ್ಲೀಟು ಹೊಳೆದರೆ ಸಾಕೇ? ಅಡಿಯ ಪಟ್ಟಿ ಎಲ್ಲಿ?

ಕಳೆದ ಮಳೆಗಾಲದಲ್ಲಿ ಹೊನ್ನಾವರದ ಹೊಳೆಬದಿಯಲ್ಲಿ ದಡಕ್ಕೆ ಎಳೆದಿಟ್ಟ ಒಂದು ಫೈಬರ್ ದೋಣಿ ನೋಡಿದೆವು. ಮುಂದುಗಡೆ ಹಗ್ಗ ಕಟ್ಟುವ ಕ್ಲೀಟು ಇರಬೇಕಾದ ಜಾಗದಲ್ಲಿ ನಾಲ್ಕು ತೂತು ಮಾತ್ರ ಇದ್ದವು. ಇಂಜಿನ್ ಕೆಟ್ಟು ಇನ್ನೊಂದು ದೋಣಿ ಎಳೆದು ತರುವಾಗ, ಅದೂ ಅಳಿವೆ ಬಾಯಲ್ಲೇ, ಕಿತ್ತು ಬಂತಂತೆ. ಕ್ಲೀಟು ಒಬ್ಬರ ಕಿವಿ ಪಕ್ಕದಲ್ಲೇ ಹಾರಿಹೋಯಿತಂತೆ. "ದೇವರು ದೊಡ್ಡವನು ಮಾರಾಯ್ರೆ" ಎಂದರು ದೋಣಿಯವರು.

ದೇವರು ದೊಡ್ಡವನೇ. ಆದರೆ ಆ ತೂತಿಗೆ ಬೆರಳು ಹಾಕಿದರೆ ಒಳಗಿನ ಪ್ಲೈವುಡ್ ಕಪ್ಪಾಗಿ ಕಾಫಿಪುಡಿಯಂತೆ ಉದುರುತ್ತಿತ್ತು. ಬೋಲ್ಟೇ ಇರಲಿಲ್ಲ, ಮೇಲಿನಿಂದ ಬಿಗಿದ ಸ್ಕ್ರೂ ಅಷ್ಟೆ. ದೋಣಿಗೆ ಐದು ವರ್ಷವೂ ಆಗಿಲ್ಲ.

ಇದು ಮೀನುಗಾರರ ತಪ್ಪಲ್ಲ ಎಂದು ನಮ್ಮ ಅಭಿಪ್ರಾಯ. ದೋಣಿ ಕಟ್ಟಿ ಕೊಟ್ಟವರು ಕಣ್ಣಿಗೆ ಕಾಣುವ ಸ್ಟೀಲಿಗೆ ದುಡ್ಡು ಹಾಕಿ, ಕಾಣದ ಅಡಿಭಾಗವನ್ನು ಬಿಟ್ಟಿದ್ದಾರೆ. ನಮ್ಮವರೂ ದೋಣಿ ನೋಡುವಾಗ ಬಣ್ಣ ನೋಡುತ್ತೇವೆ, ಇಂಜಿನ್ ಕೇಳುತ್ತೇವೆ, ಡೆಕ್ಕಿನ ಕೆಳಗೆ ತಲೆ ಹಾಕುವುದಿಲ್ಲ.

ಮರದ ಮೇಲೆ ಫೈಬರ್ ಹೊದಿಸಿದ್ದೇ ತಪ್ಪು ಎನ್ನುವವರೂ ಸಿಕ್ಕರು. ಹಾಗೇನಿಲ್ಲ. ನಮ್ಮ ಮಹಾದಾಯಿಯ ಹೆಸರು ಹೊತ್ತ 'ಮಾದೇಯಿ' ಹಾಯಿನೌಕೆ ಗೋವಾದಲ್ಲಿ ಕಟ್ಟಿದ್ದು, ಅದೂ ಮರ ಮತ್ತು ಫೈಬರಿನದೇ. 2009-10ರಲ್ಲಿ ನೌಕಾಪಡೆಯ ದಿಲೀಪ್ ದೋಂದೆ ಅದರಲ್ಲಿ ಒಬ್ಬರೇ ಭೂಮಿ ಸುತ್ತಿ ಬಂದರು. ಹಾಯಿದೋಣಿಯಲ್ಲಿ ಗಾಳಿಯ ಹೊಡೆತವೆಲ್ಲ ಹಗ್ಗದ ಮೂಲಕ ಇಂಥ ಸಾಮಾನಿನ ಮೇಲೇ ಬೀಳುತ್ತದೆ. ಕೂರಿಸುವ ಕ್ರಮ ಸರಿಯಿದ್ದರೆ ತಡೆಯುತ್ತದೆ.

ಆ ಕ್ರಮ ದೊಡ್ಡ ವಿದ್ಯೆಯೇನಲ್ಲ. ತೂತನ್ನು ಬೋಲ್ಟಿಗಿಂತ ದೊಡ್ಡದಾಗಿ ಕೊರೆದು, ಸುತ್ತಲಿನ ಹಸಿ ಮರ ಕೆರೆದು ತೆಗೆದು, ಒಣಗಿಸಿ, ಗಟ್ಟಿ ಎಪಾಕ್ಸಿ ತುಂಬಬೇಕು. ಅದು ಕಲ್ಲಾದ ಮೇಲೆ ಬೋಲ್ಟಿನ ಅಳತೆಗೆ ಮತ್ತೆ ಕೊರೆಯಬೇಕು. ಈಗ ಬೋಲ್ಟಿನ ಸುತ್ತ ಮರವೇ ಇಲ್ಲ, ನೀರು ಇಳಿದರೂ ಕೊಳೆಯುವುದಕ್ಕೆ ಏನೂ ಸಿಗುವುದಿಲ್ಲ. ತೂತಿನ ಬಾಯಿ ಸ್ವಲ್ಪ ಅಗಲಿಸಿ ದೋಣಿಗೆಂದೇ ಇರುವ ಸೀಲೆಂಟ್ ಹಾಕಬೇಕು. ಬಚ್ಚಲುಮನೆಗೆ ಬಳಿಯುವ ಸಿಲಿಕೋನ್ ಬೇಡವೇ ಬೇಡ. ಒಮ್ಮೆ ಬಳಿದರೆ ಆ ಜಾಗಕ್ಕೆ ಆಮೇಲೆ ಬಣ್ಣವೂ ಹಿಡಿಯುವುದಿಲ್ಲ, ಬೇರೆ ಅಂಟೂ ಹಿಡಿಯುವುದಿಲ್ಲ. ಬಿಗಿಯುವಾಗ ಮೇಲೆ ಬೋಲ್ಟಿನ ತಲೆ ಅಲುಗದಂತೆ ಒಬ್ಬರು ಹಿಡಿದು, ಕೆಳಗಿನ ನಟ್ಟನ್ನಷ್ಟೇ ತಿರುಗಿಸಬೇಕು. ತಲೆ ತಿರುಗಿದರೆ ಸೀಲೆಂಟ್ ಹರಿಯುತ್ತದೆ.

ಎಲ್ಲಕ್ಕಿಂತ ಮುಖ್ಯ ಕೆಳಗಿನ ಪಟ್ಟಿ. ಕ್ಲೀಟಿಗಿಂತ ಅಗಲವಾದ ದಪ್ಪ ಪಟ್ಟಿ ಕೊಟ್ಟರೆ ಎಳೆತ ನಾಲ್ಕು ತೂತಿಗೆ ಬೀಳದೆ ಡೆಕ್ಕಿಗೆಲ್ಲ ಹಂಚಿಹೋಗುತ್ತದೆ. "ಅಜ್ಜನ ಕಾಲದ ದೋಣಿಗೆ ಬೋಲ್ಟೇ ಇರಲಿಲ್ಲವಲ್ಲ" ಎಂದು ಒಬ್ಬ ಹಿರಿಯರು ನಕ್ಕರು. ಹೌದು, ರಾಂಪಣಿ ದೋಣಿಯ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಆ ಹೊಲಿಗೆಯೂ ಎಳೆತವನ್ನು ಉದ್ದಕ್ಕೂ ಹಂಚುತ್ತಿತ್ತು! ಅಜ್ಜಂದಿರು ಪಟ್ಟಿಯ ಕೆಲಸವನ್ನು ಹುರಿಯಿಂದ ಮಾಡಿಸಿದ್ದರು ಅಷ್ಟೆ.

ಸ್ಟೀಲ್ ಕೊಳ್ಳುವಾಗ 316 ಎಂದು ಕೇಳಿ. 304 ಕೂಡ ಹಾಗೇ ಹೊಳೆಯುತ್ತದೆ, ಉಪ್ಪುನೀರಿಗೆ ಬೇಗ ತುಕ್ಕು ಹಿಡಿಯುತ್ತದೆ. ಅಯಸ್ಕಾಂತ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಬಿಲ್ಲಿನಲ್ಲೇ ಬರೆಸಿಕೊಳ್ಳಬೇಕು.

ಹೊಸ ದೋಣಿ ಮಾಡಿಸುವವರು ಕೊನೆಯ ಕಂತು ಕೊಡುವ ಮುಂಚೆ ಟಾರ್ಚ್ ಹಿಡಿದು ಡೆಕ್ಕಿನ ಅಡಿಗೆ ಹೋಗಿ. ಪಟ್ಟಿ ಕಾಣದಿದ್ದರೆ ದುಡ್ಡು ತಡೆಹಿಡಿಯಿರಿ. ಸಹಾಯಧನದ ದೋಣಿಯಾದರೆ ತಪಾಸಣೆಗೆ ಬರುವ ಅಧಿಕಾರಿಗಳೂ ಹಾಗೇ ಬಗ್ಗಿ ನೋಡಲಿ ಎಂದು ಕೇಳುತ್ತೇವೆ. ಇಂಜಿನ್ ಬೆಲೆಯ ಮುಂದೆ ನಾಲ್ಕು ಬೋಲ್ಟು, ಒಂದು ಪಟ್ಟಿ ಯಾವ ಲೆಕ್ಕ?

ಹೊನ್ನಾವರದ ಆ ದೋಣಿಗೆ ಈಗ ಪಟ್ಟಿ ಬಿದ್ದಿದೆ. ಅದರ ಖರ್ಚು ಯಾರದು ಎಂಬ ಜಗಳ ಮಾತ್ರ ಇನ್ನೂ ಮುಗಿದಿಲ್ಲ.