ಮೇಣ ಬಳಿದ ಕಾರಿಗೆ ಪಟ್ಟೆ ಏಕೆ?

ಆಯುಧಪೂಜೆಯ ಹಿಂದಿನ ದಿನ ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ಒಂದು ಸುತ್ತು ಹಾಕಿದರೆ ಗೇಟು ಗೇಟಿನ ಮುಂದೆಯೂ ವಾಹನಗಳ ಅಭ್ಯಂಜನ ಕಾಣುತ್ತದೆ. ರಾಮ್ ಅಂಡ್ ಕೋ ವೃತ್ತದ ಆಸುಪಾಸಿನ ಅಡ್ಡರಸ್ತೆಗಳಲ್ಲೆಲ್ಲ ಬಕೆಟ್ಟು, ಪೈಪು, ಹಳೆಯ ಬನಿಯನ್ನುಗಳ ಸಂಭ್ರಮ. ತೊಳೆದಾದ ಮೇಲೆ ಡಬ್ಬಿಯ ಮುಚ್ಚಳ ತೆರೆದು, ಬೆಣ್ಣೆಯಂಥ ಮೇಣವನ್ನು ಧಾರಾಳವಾಗಿ ಬಳಿದು, ಬಿಸಿಲಿಗೆ ಒಣಗಲು ಬಿಟ್ಟು, ಆಮೇಲೆ ಕೈಸೋಲುವವರೆಗೆ ಉಜ್ಜುತ್ತಾರೆ. ಸಂಜೆ ಬೀದಿದೀಪ ಹತ್ತಿದಾಗ ನೋಡಿದರೆ ಬಾನೆಟ್ಟಿನ ಮೇಲೆ ಉದ್ದುದ್ದ ಬಿಳಿ ಪಟ್ಟೆ, ಅಲ್ಲಲ್ಲಿ ಮಬ್ಬು, ದೀಪದ ಬಿಂಬದ ಸುತ್ತ ಜೇಡರ ಬಲೆಯಂಥ ಗೆರೆಗಳು. ಕೂಡಲೇ ಇನ್ನೊಂದು ಹಿಡಿ ಮೇಣ ಬೀಳುತ್ತದೆ, ಉಜ್ಜಾಟ ಇನ್ನೂ ಜೋರಾಗುತ್ತದೆ. ಪಟ್ಟೆಯೂ ಜೋರಾಗುತ್ತದೆ.

ಹೊಳಪು ಡಬ್ಬಿಯೊಳಗಿನಿಂದ ಬರುತ್ತದೆ ಎಂಬ ನಂಬಿಕೆಯೇ ಇದಕ್ಕೆಲ್ಲ ಮೂಲ. ಹೊಳಪೆಂದರೆ ಮೇಲ್ಮೈ ಎಷ್ಟು ಸಮವಾಗಿದೆ ಎಂಬುದರ ಲೆಕ್ಕ, ಅಷ್ಟೆ. ಗಾಳಿಯಿಲ್ಲದ ಬೆಳಗ್ಗೆ ಕುಂದವಾಡ ಕೆರೆಯ ಏರಿಯ ಮೇಲೆ ನಿಂತವರಿಗೆ ನೀರಿನಲ್ಲಿ ಆಕಾಶ ಕನ್ನಡಿಯಲ್ಲಿ ಕಂಡಂತೆ ಕಾಣುತ್ತದೆ. ಗಾಳಿ ಎದ್ದೊಡನೆ ಬಿಂಬ ಒಡೆದುಹೋಗುತ್ತದೆ. ನೀರು ಅದೇ, ಬೆಳಕೂ ಅದೇ. ಕೆಟ್ಟದ್ದು ಮೇಲ್ಮೈ ಮಾತ್ರ. ಸಮವಾದ ಮೇಲ್ಮೈಯಿಂದ ಬೆಳಕಿನ ಕಿರಣಗಳೆಲ್ಲ ಒಂದೇ ಶಿಸ್ತಿನಲ್ಲಿ ಹಿಂತಿರುಗಿದರೆ ಅದು ಕ್ರಮಬದ್ಧ ಪ್ರತಿಫಲನ, ಕಣ್ಣಿಗೆ ಮಿಂಚು. ಉಬ್ಬುತಗ್ಗುಗಳಿಗೆ ತಾಗಿ ದಿಕ್ಕಾಪಾಲಾದರೆ ಚದುರಿದ ಪ್ರತಿಫಲನ, ಕಣ್ಣಿಗೆ ಮಬ್ಬು. ಹೈಸ್ಕೂಲಿನ ಈ ಪಾಠವನ್ನು ಪರೀಕ್ಷೆ ಮುಗಿದ ಮೇಲೆ ಯಾರೂ ಬಾನೆಟ್ಟಿಗೆ ಅನ್ವಯಿಸುವುದಿಲ್ಲ.

ಇನ್ನು ಕಾರಿನ ಬಣ್ಣ. ಅಂಬಾಸಿಡರ್ ಕಾರುಗಳ ಹಳೆಯ ಕಾಲದಲ್ಲಿ ಬಣ್ಣವೇ ಮೇಲಿನ ಪದರ. ಗ್ಯಾರೇಜಿನವರು ಇಂದಿಗೂ ‘ಡ್ಯೂಕೋ’ ಎನ್ನುವ ಹೆಸರು 1920ರ ದಶಕದಲ್ಲಿ ಅಮೆರಿಕದ ಕಾರುಗಳಿಗೆ ಬಂದ, ಬೇಗ ಒಣಗುವ ನೈಟ್ರೊಸೆಲ್ಯುಲೋಸ್ ಬಣ್ಣದ್ದು. ಅಂಥ ಕಾರನ್ನು ಉಜ್ಜಿದರೆ ಬಟ್ಟೆಗೆ ಕಾರಿನ ಬಣ್ಣವೇ ಹತ್ತುತ್ತಿತ್ತು. ಬಿಸಿಲಿಗೆ ಸುಣ್ಣದ ಪುಡಿಯಂತಾದ ಮೇಲ್ಪದರವನ್ನು ಉಜ್ಜಿ ತೆಗೆದರೆ ಒಳಗಿನ ತಾಜಾ ಬಣ್ಣ ಹೊರಬರುತ್ತಿತ್ತು. ಬಣ್ಣ ದಪ್ಪವಾಗಿತ್ತು, ಆದ್ದರಿಂದ ಆ ಪದ್ಧತಿ ನಡೆಯಿತು. ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಅದನ್ನು ಉಜ್ಜಿದ ಕೈಗಳ ಅಭ್ಯಾಸ ಮಾತ್ರ ನಿಲ್ಲಲಿಲ್ಲ.

ಇಂದಿನ ಕಾರುಗಳಲ್ಲಿ ಬಣ್ಣದ ಮೇಲೆ ‘ಕ್ಲಿಯರ್ ಕೋಟ್’ ಎಂಬ ಪಾರದರ್ಶಕ ಲೇಪವಿರುತ್ತದೆ. ಮಿಂಚುವುದು ಅದೇ, ಸೂರ್ಯನ ನೇರಳಾತೀತ ಕಿರಣಗಳನ್ನು ತಡೆದು ಕೆಳಗಿನ ಬಣ್ಣವನ್ನು ಕಾಯುವುದೂ ಅದೇ. ಅದರ ದಪ್ಪ ಸುಮಾರು 40ರಿಂದ 50 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ವೃತ್ತಪತ್ರಿಕೆಯ ಒಂದು ಹಾಳೆಯ ದಪ್ಪ ಸುಮಾರು 70 ಮೈಕ್ರಾನ್. ಅಂದರೆ ಲಕ್ಷಾಂತರ ರೂಪಾಯಿಯ ಕಾರಿನ ಮೈಗಾವಲು ಈ ಪುರವಣಿಯ ಒಂದು ಹಾಳೆಗಿಂತ ತೆಳು.

ಇಲ್ಲೇ ಒಂದು ಪದ ಮೋಸ ಮಾಡುತ್ತದೆ. ನಮ್ಮ ಬಳಕೆಯಲ್ಲಿ ಎಲ್ಲವೂ ‘ಪಾಲಿಶ್’. ಆದರೆ ಡಬ್ಬಿಗಳು ಎರಡು ಜಾತಿಯವು. ರಬ್ಬಿಂಗ್ ಕಾಂಪೌಂಡ್, ಪಾಲಿಶ್ ಎಂಬುವುಗಳಲ್ಲಿ ಅಲ್ಯುಮಿನಿಯಂ ಆಕ್ಸೈಡಿನಂಥ ಗಟ್ಟಿ ಪುಡಿ ಇರುತ್ತದೆ. ಅದು ಗೀರಿನ ಅಂಚುಗಳನ್ನು ಸವೆಸಿ ಸಮ ಮಾಡುತ್ತದೆ, ಅಂದರೆ ಕ್ಲಿಯರ್ ಕೋಟನ್ನು ಕಳೆಯುತ್ತದೆ. ಮೇಣ ಏನನ್ನೂ ಕಳೆಯುವುದಿಲ್ಲ. ಮೇಲೊಂದು ತೆಳುಪದರವನ್ನು ಕೂಡಿಸುತ್ತದೆ. ಒಂದು ವ್ಯವಕಲನ, ಇನ್ನೊಂದು ಸಂಕಲನ. ಮೇಣದ ಪಟ್ಟೆಯನ್ನು ಬಣ್ಣದ ದೋಷವೆಂದು ತಿಳಿದು ಪ್ರತಿ ದಸರೆಗೂ ‘ರಬ್ಬಿಂಗ್’ ಮಾಡಿಸುವವರಿದ್ದಾರೆ. ಮಷೀನು ಹಿಡಿದವನ ಕೈ ಭಾರವಾದರೆ ಒಂದೇ ಸಲಕ್ಕೆ ಹಲವು ಮೈಕ್ರಾನ್ ಹೋಗುತ್ತದೆ. ಮೂಲೆ, ಅಂಚುಗಳಲ್ಲಿ ಇನ್ನೂ ಹೆಚ್ಚು. ಹೀಗೆ ಕೆಲವು ವರ್ಷ ನಡೆದರೆ ಟಾಪು, ಬಾನೆಟ್ಟು ಮಂಕಾಗಿ ಚಕ್ಕೆ ಏಳುತ್ತವೆ. ಆಮೇಲೆ ಯಾವ ಮೇಣವೂ ಇಲ್ಲ, ಹಳೇ ಪಿ.ಬಿ. ರಸ್ತೆಯ ಗ್ಯಾರೇಜಿಗೆ ಹೋಗಿ ಮತ್ತೆ ಬಣ್ಣ ಹೊಡೆಸಬೇಕು. ಬಾಡಿಗೆಗೆ ಕಾರು ಓಡಿಸುವವನಿಗೆ ಆ ಖರ್ಚು ಸಣ್ಣದಲ್ಲ.

ಹಾಗಾದರೆ ಮೇಣ ಏಕೆ? ನೀರು, ಧೂಳು, ಹಕ್ಕಿಯ ಹಿಕ್ಕೆ ಕ್ಲಿಯರ್ ಕೋಟಿಗೆ ನೇರ ತಾಗದಂತೆ ಮೊದಲ ಪೆಟ್ಟು ತಿನ್ನಲಿಕ್ಕೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದೂ ಎಲೆಯ ಮೇಣದಿಂದಲೇ. ಕಾರಿಗೆ ಹೆಸರಾದ ಮೇಣವೂ ಎಲೆಯದೇ. ಬ್ರೆಜಿಲಿನ ಈಶಾನ್ಯ ಭಾಗದ ಒಣ ಸೀಮೆಯಲ್ಲಿ ಬೆಳೆಯುವ ಕಾರ್ನೂಬಾ ಎಂಬ ತಾಳೆಯ ಜಾತಿಯ ಮರ, ಬಿಸಿಲಿಗೆ ಎಲೆಯ ನೀರು ಆರದಿರಲೆಂದು ಮೇಣ ಸುರಿಸುತ್ತದೆ. ಎಲೆಗಳನ್ನು ಒಣಗಿಸಿ ಬಡಿದರೆ ಮೇಣ ಉದುರುತ್ತದೆ. ಜೇನುಮೇಣ ಸುಮಾರು 62-64 ಡಿಗ್ರಿ ಸೆಲ್ಸಿಯಸ್‌ಗೆ ಕರಗಿದರೆ ಕಾರ್ನೂಬಾ ಕರಗಲು 82ರಿಂದ 86 ಡಿಗ್ರಿ ಬೇಕು. ಅದೊಂದನ್ನೇ ಹಚ್ಚಲಾಗದಷ್ಟು ಗಟ್ಟಿ. ಆದ್ದರಿಂದ ಮೆದು ಮೇಣಗಳನ್ನೂ ಪೆಟ್ರೋಲಿಯಂ ದ್ರಾವಕವನ್ನೂ ಬೆರೆಸಿ ಹದ ಮಾಡಿ ಡಬ್ಬಿಗೆ ತುಂಬುತ್ತಾರೆ.

ಎಷ್ಟು ಮೇಣ ಬೇಕೆಂಬುದಕ್ಕೆ ಒಂದು ಗುಣಾಕಾರ ಸಾಕು. ಸಣ್ಣ ಕಾರಿನ ಬಣ್ಣದ ಮೈ 10 ಚದರ ಮೀಟರ್ ಎಂದಿಟ್ಟುಕೊಳ್ಳೋಣ. ಅದರ ಮೇಲೆ ಒಂದು ಮೈಕ್ರಾನ್ ದಪ್ಪ ಹಚ್ಚಿದರೆ ಬೇಕಾಗುವುದು 10 ಘನ ಸೆಂಟಿಮೀಟರ್. ಎರಡು ಟೀ ಚಮಚ! ಒರೆಸಿದ ಮೇಲೆ ಉಳಿಯುವುದು ಅದಕ್ಕಿಂತಲೂ ಎಷ್ಟೋ ಕಡಿಮೆ. ದೋಸೆಗೆ ಬೆಣ್ಣೆ ಸುರಿಯುವ ಊರಿನಲ್ಲಿ ಕೈ ಬಿಗಿಹಿಡಿಯಿರಿ ಎಂದರೆ ಕೇಳುವುದು ಕಷ್ಟವೇ. ಆದರೆ ಎರಡು ಚಮಚದ ಮೇಲೆ ಹಚ್ಚಿದ್ದೆಲ್ಲ ಪಟ್ಟೆಗೆ ಹಾಕಿದ ಬಂಡವಾಳ.

ದಪ್ಪ ಮೇಣದಲ್ಲಿ ಮೇಲಿನ ಭಾಗದ ದ್ರಾವಕ ಮೊದಲು ಹಾರಿ ಕೆನೆ ಕಟ್ಟುತ್ತದೆ, ಅಡಿಭಾಗ ಹಸಿಯಾಗಿಯೇ ಉಳಿಯುತ್ತದೆ. ಆಗ ಒರೆಸಿದರೆ ಬಟ್ಟೆ ಅದನ್ನು ಎತ್ತಿಕೊಳ್ಳುವ ಬದಲು ಪಕ್ಕಕ್ಕೆ ತಳ್ಳಿ ಗದ್ದೆಯ ಬದುವಿನಂತೆ ಸಾಲುಗಟ್ಟಿಸುತ್ತದೆ. ಆ ಬದುಗಳೇ ಪಟ್ಟೆ. ಬಿಸಿಲಿನಲ್ಲಿ ಹಚ್ಚಿದರೆ ತೊಂದರೆ ಇಮ್ಮಡಿ. ಏಪ್ರಿಲ್ ಮಧ್ಯಾಹ್ನ ಬಿಸಿಲಲ್ಲಿ ನಿಂತ ಕಪ್ಪು ಕಾರಿನ ಬಾನೆಟ್ಟು 70 ಡಿಗ್ರಿಯ ಹತ್ತಿರ ಹೋಗಬಲ್ಲದು. ಕಾರ್ನೂಬಾ ತಡೆದೀತು, ಜೊತೆಗೆ ಬೆರೆತ ಮೆದು ಮೇಣ ಜಾರುತ್ತದೆ. ದ್ರಾವಕ ಮಾತ್ರ ಹರಡುವ ಮುನ್ನವೇ ಹಾರಿಹೋಗಿರುತ್ತದೆ. ಮುಂಗೈಯನ್ನು ಲೋಹದ ಮೇಲಿಟ್ಟಾಗ ತಣ್ಣಗೆನಿಸಬೇಕು. ಇಲ್ಲವಾದರೆ ಅಂದು ಮೇಣದ ಮಾತು ಬೇಡ. ಬೆಳಗಿನ ನೆರಳು ಒಳ್ಳೆಯದು. ಮಳೆಗಾಲದ ತೇವದಲ್ಲಿ ಒಣಗುವುದು ನಿಧಾನ, ಅಷ್ಟು ಹೊತ್ತು ಕಾಯಬೇಕು.

ಬಿಳಿ ಕಲೆಗಳೆಲ್ಲ ಮೇಣದ್ದೇ ಎಂದೇನಿಲ್ಲ, ನೀರಿನದೂ ಇರುತ್ತವೆ. ದಾವಣಗೆರೆಯ ನಲ್ಲಿಗೆ ಬರುವುದು ತುಂಗಭದ್ರೆಯ, ಭದ್ರಾ ನಾಲೆಯ ನೀರು. ಅದು ಬಾರದ ದಿನ ಕಾರಿಗೆ ಕೊಳವೆಬಾವಿಯೇ ಗತಿ. ಕೊಳವೆಬಾವಿಯ ನೀರು ಬಹುಮಟ್ಟಿಗೆ ಗಡಸು. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಗಡಸುತನದ ಅಪೇಕ್ಷಿತ ಮಿತಿ ಲೀಟರಿಗೆ 200 ಮಿಲಿಗ್ರಾಂ. ಬೇರೆ ನೀರಿಲ್ಲದಿದ್ದರೆ 600ರವರೆಗೆ ಸೈರಿಸಬಹುದು. 600ರ ನೀರು ಕಾಲು ಲೀಟರಿನಷ್ಟು ಕಾರಿನ ಮೈಮೇಲೆ ತಾನಾಗಿ ಆರಿತೆನ್ನಿ, 150 ಮಿಲಿಗ್ರಾಂ ಸುಣ್ಣದಂಥ ಲವಣ ಅಲ್ಲೇ ಉಳಿಯಿತು. ಬಚ್ಚಲಿನ ಹಂಡೆಗೆ ಕಟ್ಟುವ ಬಿಳಿ ಚಿಪ್ಪು ಇದೇ. ಅದರ ಮೇಲೆ ಮೇಣ ಹಚ್ಚಿದರೆ ಕಲೆಗೆ ಬೀಗ ಹಾಕಿದಂತೆ. ತೊಳೆದ ಕಾರನ್ನು ಆರಲು ಬಿಡದೆ ಒರೆಸಬೇಕು ಎನ್ನುವುದು ಇದಕ್ಕೇ.

ತೊಳೆಯುವುದರಲ್ಲೂ ಅವಸರ ಕೂಡದು. ದಾವಣಗೆರೆಯಲ್ಲಿ ಅಕ್ಕಿ ಗಿರಣಿಗಳಿವೆ, ಮಂಡಕ್ಕಿ ಭಟ್ಟಿಗಳಿವೆ. ಭತ್ತದ ಹೊಟ್ಟು ಸುಟ್ಟ ಬೂದಿಯಲ್ಲಿ ಬಹುಪಾಲು ಸಿಲಿಕಾ. ರಸ್ತೆಯ ಮರಳೂ ಅದೇ ಕುಲ. ಒಣ ಬಟ್ಟೆಯಿಂದ ಧೂಳು ಒರೆಸುವವರು ಬಟ್ಟೆಯನ್ನು ಉಪ್ಪುಕಾಗದ ಮಾಡಿಕೊಂಡಂತೆ. ಮೊದಲು ನೀರು ಹರಿಸಿ ಹರಳು ಇಳಿಸಬೇಕು. ಸೋಪಿನ ನೀರಿಗೊಂದು ಬಕೆಟ್ಟು, ಬಟ್ಟೆ ಹಿಂಡಲು ಇನ್ನೊಂದು ಬಕೆಟ್ಟು ಇದ್ದರೆ ಅರ್ಧ ಗೀರುಗಳು ತಪ್ಪುತ್ತವೆ. ಬಟ್ಟೆ ಒಗೆಯುವ ಪುಡಿ ಬೇಡ. ಅದರ ಕ್ಷಾರ ಹಳೆಯ ಮೇಣವನ್ನೂ ಎಬ್ಬಿಸಿಬಿಡುತ್ತದೆ.

ಬೀದಿದೀಪದ ಸುತ್ತ ಕಾಣುವ ಜೇಡರ ಬಲೆಯ ಗುಟ್ಟನ್ನು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು. ಬಹಳ ದಿನ ಬಳಸಿದ ಸ್ಟೀಲ್ ತಟ್ಟೆಯನ್ನು ಬಲ್ಬಿನ ಕೆಳಗೆ ಹಿಡಿದರೆ ಬಲ್ಬಿನ ಬಿಂಬದ ಸುತ್ತ ಗೀರುಗಳು ಉಂಗುರ ಉಂಗುರವಾಗಿ ಕಾಣುತ್ತವೆ. ತಟ್ಟೆ ಸರಿಸಿದರೆ ಉಂಗುರವೂ ಬಿಂಬದ ಜೊತೆಗೇ ಸರಿಯುತ್ತದೆ! ಗೀರುಗಳು ನಿಜವಾಗಿ ವೃತ್ತಾಕಾರವಾಗಿಲ್ಲ, ಎಲ್ಲ ದಿಕ್ಕಿಗೂ ಇವೆ. ಬೆಳಕಿಗೆ ಅಡ್ಡಲಾಗಿರುವ ಗೀರು ಮಾತ್ರ ಬೆಳಕನ್ನು ಕಣ್ಣಿನತ್ತ ತಿರುಗಿಸುತ್ತದೆ, ಉಳಿದವು ಅಡಗಿರುತ್ತವೆ. ಹಾಗಾಗಿ ಬಿಂಬ ಎಲ್ಲಿದ್ದರೂ ಅದರ ಸುತ್ತ ಒಂದು ಬಲೆ. ಕೈಯನ್ನು ಸುತ್ತಿ ಸುತ್ತಿ ಉಜ್ಜಿದರೆ ಎಲ್ಲ ದಿಕ್ಕಿಗೂ ಗೀರು ಬೀಳುತ್ತದೆ, ಯಾವ ಬೆಳಕಿಗೂ ಕಾಣುತ್ತದೆ. ಮುಂದಿನಿಂದ ಹಿಂದಕ್ಕೆ ನೇರವಾಗಿ ಒರೆಸಿದರೆ ಬಿದ್ದ ಗೀರೂ ಬಹಳ ಕೋನಗಳಲ್ಲಿ ಕಾಣದೆ ಉಳಿಯುತ್ತದೆ.

ಕೆಲಸವನ್ನು ಒಂದು ಸಲಕ್ಕೆ ಒಂದು ಬಾಗಿಲಿನಷ್ಟು ಜಾಗ ಎಂದು ಹಂಚಿಕೊಳ್ಳಬೇಕು. ಸ್ಪಂಜಿನ ತುಂಡಿಗೆ ಬೆರಳ ತುದಿಯಷ್ಟು ಮೇಣ ಮುಟ್ಟಿಸಿ, ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾಗಿ ಸವರಬೇಕು. ಮಬ್ಬು ಕಟ್ಟಿದ ಮೇಲೆ ಬೆರಳಿನಿಂದ ಒಂದು ಗೆರೆ ಎಳೆದು ನೋಡಿದರೆ ಹದ ತಿಳಿಯುತ್ತದೆ. ಗೆರೆ ಶುದ್ಧವಾಗಿ ಬಿಟ್ಟುಕೊಂಡರೆ ಒರೆಸಬಹುದು, ಮೆತ್ತಿಕೊಂಡರೆ ಇನ್ನೂ ಕಾಯಬೇಕು. ಒರೆಸುವಾಗ ಬಲ ಬೇಡ. ಬಟ್ಟೆಯ ಮಡಿಕೆ ಬದಲಿಸುತ್ತಾ, ಕೊನೆಗೆ ಇನ್ನೊಂದು ಶುಭ್ರ ಬಟ್ಟೆ ಆಡಿಸಿದರಾಯಿತು. ಗುಂಡಿ, ಹೊಲಿಗೆ ಇಲ್ಲದ ಮೆತ್ತನೆಯ ಹತ್ತಿ ಬಟ್ಟೆ ಸಾಕು. ಒಂದು ಕಾಲಕ್ಕೆ ಹತ್ತಿ ಗಿರಣಿಗಳಿಂದ ಹೆಸರಾದ ಈ ಊರಿನಲ್ಲೂ ಈಗ ಪಾಲಿಯೆಸ್ಟರು, ನೈಲಾನು ಬೆರೆತ ಮೈಕ್ರೋಫೈಬರ್ ಬಟ್ಟೆಯದೇ ರಾಜ್ಯ. ಅದು ಮೇಣವನ್ನು ಚೆನ್ನಾಗಿ ಎತ್ತುತ್ತದೆ, ನಿಜ. ನೆಲಕ್ಕೆ ಬಿದ್ದರೆ ಮಾತ್ರ ಒಗೆಯುವವರೆಗೆ ಮುಟ್ಟಬಾರದು. ಒಂದು ಹರಳು ಸಾಕು.

ಇಷ್ಟಾದರೂ ಪಟ್ಟೆ ಉಳಿಯಿತೇ? ರಬ್ಬಿಂಗಿಗೆ ಓಡಬೇಕಿಲ್ಲ. ಪಟ್ಟೆಯ ಮೇಲೆ ಅತಿ ತೆಳುವಾಗಿ ಹೊಸ ಮೇಣ ಸವರಿ, ಒಣಗಲು ಬಿಡದೆ ಕೂಡಲೇ ಒರೆಸಿದರೆ ಹೊಸದರ ದ್ರಾವಕವು ಹಳೆಯ ಬದುವನ್ನು ಕರಗಿಸಿಕೊಂಡು ಬರುತ್ತದೆ. ‘ಇನ್ನಷ್ಟು ಮೇಣ’ ಎಂಬ ಜನರ ಉಪಾಯಕ್ಕೂ ಇದಕ್ಕೂ ಒಂದೇ ವ್ಯತ್ಯಾಸ: ಇಲ್ಲಿ ಹಚ್ಚುವುದೇ ತೆಗೆಯುವುದಕ್ಕೆ.

ವಾಟರ್ ಸರ್ವೀಸ್ ಮಾಡಿಸಿದ ಮೇಲೆ ಬೈಕಿಗೆ ಡೀಸೆಲ್ ಹೊಡೆಸಿ ಮಿಂಚಿಸುವ ಪದ್ಧತಿಯೂ ಇದೆ. ಎಣ್ಣೆ ಗೀರುಗಳನ್ನು ತುಂಬುವುದರಿಂದ ಆ ಗಳಿಗೆಗೆ ಚೆನ್ನಾಗಿ ಕಾಣುತ್ತದೆ. ಹರಿಹರ ತಲುಪುವಷ್ಟರಲ್ಲಿ ದಾರಿಯ ಧೂಳೆಲ್ಲ ಅಂಟಿಕೊಂಡಿರುತ್ತದೆ. ‘ಟೆಫ್ಲಾನ್’ ಎಂಬ ಹೆಸರಿನಲ್ಲಿ ಮಾರುವ ಲೇಪಗಳನ್ನೂ ತುಸು ಅನುಮಾನದಿಂದಲೇ ನೋಡಬೇಕು. ಬಾಣಲೆಗೆ ಆ ವಸ್ತುವನ್ನು ಕೂರಿಸಲು 300 ಡಿಗ್ರಿ ಮೀರಿದ ಶಾಖ ಬೇಕು. ಕಾರಿಗೆ ಅಷ್ಟು ಶಾಖ ಕೊಟ್ಟರೆ ಬಣ್ಣವೇ ಉಳಿಯದು. ಸಿಲಿಕಾ ಆಧಾರಿತ ಸಿರಾಮಿಕ್ ಲೇಪ ಮೇಣಕ್ಕಿಂತ ಹೆಚ್ಚು ಬಾಳುತ್ತದೆ, ಬೆಲೆಯೂ ಹಾಗೆಯೇ ಇದೆ.

ಪೂಜೆಯ ದಿನ ಬಾನೆಟ್ಟಿಗೆ ಹಚ್ಚುವ ಒದ್ದೆ ಅರಿಸಿನ ಕುಂಕುಮ ವಾರಗಟ್ಟಲೆ ಬಿಸಿಲಿಗೆ ಒಣಗಿದರೆ ಬಿಳಿ ಬಣ್ಣದ ಕಾರಿನಲ್ಲಿ ಕಲೆ ಉಳಿಯಬಹುದು. ಮರುದಿನವೇ ನೀರಿನಿಂದ ನೆನೆಸಿ ತೆಗೆದರೆ ಮೇಣದ ಮೇಲಿನ ಕುಂಕುಮ ಮೇಣದೊಂದಿಗೇ ಹೋಗುತ್ತದೆ. ಬಯಲಲ್ಲಿ ನಿಲ್ಲುವ ಕಾರಿಗೆ ಮೇಣ ಬಾಳುವುದು ಎರಡು ಮೂರು ತಿಂಗಳು. ನೀರು ಮುತ್ತಾಗುವುದನ್ನು ಬಿಟ್ಟು ಹಾಳೆಯಂತೆ ಹರಡತೊಡಗಿದರೆ ಅದು ಮುಗಿಯಿತೆಂದು ಅರ್ಥ. ದಸರೆಗೆ ಹಚ್ಚಿದ್ದು ಸಂಕ್ರಾಂತಿಯ ಹೊತ್ತಿಗೆ ಆ ಸ್ಥಿತಿಗೆ ಬಂದಿರುತ್ತದೆ. ಆಗಲೂ ಎರಡೇ ಚಮಚ.